ಹಳೇ ಜೀಪು ಟ್ರಕ್ಕಿಗೆ ಬೇರೆ ಎಂಜಿನ್ ಕೂರಿಸುವವರಿಗೆ: ಮೊದಲು ಎಂಜಿನ್, ಇಂಜೆಕ್ಷನ್ ಆಮೇಲೆ

ನಮ್ಮ ತೋಟದ ವಿಲ್ಲೀಸ್ ಟ್ರಕ್ಕಿನ ಆರ್‌ಸಿಯಲ್ಲಿ ಇಸವಿ 1967. ಮುಂದೆ ಜೀಪಿನ ಮೂತಿ, ಹಿಂದೆ ಮರದ ಬಾಡಿ, ಫೋರ್ ವೀಲ್, ಬಾನೆಟ್ಟಿನಡಿ ನಾಲ್ಕು ಸಿಲಿಂಡರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಶುಕ್ರವಾರದ ಮಡಿಕೇರಿ ಸಂತೆಗೆ ಅಪ್ಪ ಅದರಲ್ಲೇ ಹೋಗಿ ಬರುತ್ತಿದ್ದರು. ಗೊಬ್ಬರ, ಸಿಲ್ವರ್ ಓಕ್ ದಿಮ್ಮಿ, ಕಾಫಿ ಮೂಟೆ ಎಲ್ಲ ಅದರ ಬೆನ್ನ ಮೇಲೇ. ಹೋದ ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಅರ್ಧ ಆಗಿದ್ದಾಗ, ಕೆಳಗಿನ ಬ್ಲಾಕಿನಿಂದ ಕಣಕ್ಕೆ ಏರುತ್ತಿದ್ದೆ. ಕೆಳಗಿಂದ ಟಕಟಕ ಸದ್ದು ಶುರುವಾಯಿತು. ನೋಡುತ್ತಿದ್ದಂತೆ ಆಯಿಲ್ ಗೇಜಿನ ಮುಳ್ಳು ಕೆಳಗಿಳಿಯಿತು. ಅಲ್ಲೇ ಆಫ್ ಮಾಡಿದೆ. ಎಂಜಿನ್ನಿನಡಿಯ ಆಯಿಲ್ ಚೇಂಬರ್ ಬಿಚ್ಚಿದಾಗ ಮೂರನೇ ಕಾನ್‌ರಾಡಿನ ಬೇರಿಂಗ್ ತಗಡಿನ ಹಾಗೆ ಸುರುಳಿಯಾಗಿತ್ತು. ಹೆಡ್ ಎತ್ತಿದರೆ ಬ್ಲಾಕೂ ಸೀಳಿತ್ತು.

ಆಗಿನಿಂದ ಈವರೆಗೆ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೊಡಗಿನ ತೋಟಗಳ ಶೆಡ್ಡುಗಳಲ್ಲಿ ಇಂಥ ಗಾಡಿಗಳು ಇನ್ನೂ ಬೇಕಾದಷ್ಟಿವೆ, ಎಂಜಿನ್ ಹೋಯಿತೆಂದು ಗುಜರಿಗೆ ತೂಗಿ ಹಾಕುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಮೊದಲ ಯೋಚನೆ ದೊಡ್ಡದಿತ್ತು. ಎಂಜಿನ್ ಹೇಗೂ ಹೊರಗೆ ಬರುತ್ತದೆ, ಬೇರೆ ಎಂಜಿನ್ ಹಾಕುವಾಗಲೇ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ತೆಗೆದು, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲು ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ನೂ ಹಾಕಿಬಿಡೋಣ ಅಂದುಕೊಂಡೆ. ನಮ್ಮ ಗಾಡಿಗಳನ್ನು ಮೂವತ್ತು ವರ್ಷದಿಂದ ನೋಡುತ್ತಿರುವ ಮೆಕ್ಯಾನಿಕ್ ಕಾಕನಿಗೆ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, "ಎರಡೂ ಒಟ್ಟಿಗೆ ಮಾಡ್ಬೇಡ ಮೋನೇ. ನಾಳೆ ಗಾಡಿ ಜರ್ಕ್ ಹೊಡೆದ್ರೆ ಯಾರನ್ನ ಕೇಳ್ತೀಯ, ಎಂಜಿನ್ನನ್ನೋ ಕಂಪ್ಯೂಟರನ್ನೋ?" ಅಂದರು. ಇಡೀ ಕೆಲಸಕ್ಕೆ ಇದೇ ದಾರಿ ತೋರಿಸಿತು. ಹೊಸ ಎಂಜಿನ್ನನ್ನು ಗೊತ್ತಿರುವ ಕಾರ್ಬೊರೇಟರಿನಲ್ಲಿ ಓಡಿಸಿ, ಒಂದು ಕೊಯ್ಲು ದುಡಿಸಿ, ಅದು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಇಂಜೆಕ್ಷನ್.

ಯಾವ ಎಂಜಿನ್ ಹಾಕಬೇಕು ಅನ್ನುವಲ್ಲಿ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಡೀಸೆಲ್ ಹಾಕಿಸಿದ್ದಾರೆ. ಮಹೀಂದ್ರಾದವರು ಆಮೇಲಿನ ಜೀಪುಗಳಿಗೆ ಕೊಟ್ಟ ಪ್ಯೂಜೋ ಡೀಸೆಲ್ ಅಥವಾ ಡಿಐ ಎಂಜಿನ್ ಸಿಗುತ್ತದೆ, ಖರ್ಚೂ ಕಡಿಮೆ ಬರುತ್ತದೆ. ಆದರೆ ಡೀಸೆಲ್ ಎಂಜಿನ್ ತೂಕ ಜಾಸ್ತಿ, ಮುಂದಿನ ಸ್ಪ್ರಿಂಗ್ ಪ್ಲೇಟು ಕುಗ್ಗುತ್ತದೆ, ಮೌಂಟಿಂಗ್ ಕತ್ತರಿಸಿ ಬೆಸೆಯಬೇಕು, ಆರ್‌ಸಿಯಲ್ಲಿ ಇಂಧನವೇ ಬದಲಾಗಬೇಕು. ನಾನು ಅದೇ ಜಾತಿಯ ಹರಿಕೇನ್ ಹುಡುಕಿದೆ. ಮೌಂಟಿಂಗ್, ಬೆಲ್ ಹೌಸಿಂಗ್, ರೇಡಿಯೇಟರ್ ಹೋಸ್ ಯಾವುದನ್ನೂ ಮುಟ್ಟಬೇಕಿಲ್ಲ. 2199 ಸಿಸಿ, 70 ಚಿಲ್ಲರೆ ಕುದುರೆ ಶಕ್ತಿ, ಸ್ಟ್ರೋಕ್ ಉದ್ದ, 2000 ಸುತ್ತಿನಲ್ಲೇ ಪೂರ್ತಿ ಎಳೆತ. ತೋಟದ ರಸ್ತೆಗೆ ಇದಕ್ಕಿಂತ ಏನು ಬೇಕು?

ಶನಿವಾರಸಂತೆ ಕಡೆಯ ಒಂದು ತೋಟದ ಕಣಜದ ಮೂಲೆಯಲ್ಲಿ ಒಂದು ಸಿಕ್ಕಿತು, ಗೋಣಿ ಹೊದ್ದು ಕೂತಿತ್ತು. ಹಳೇ ಎಂಜಿನ್ ಕೊಳ್ಳುವವರು ಕೈಯಲ್ಲಿ ಪುಲ್ಲಿ ತಿರುಗಿಸಿ "ಫ್ರೀ ಇದೆ" ಎಂದು ದುಡ್ಡು ಕೊಟ್ಟುಬಿಡುತ್ತಾರೆ. ಅಷ್ಟು ಸಾಲದು. ಹರಿಕೇನಿನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕಕ್ಕೆ ಇದೆ. ಬೆಂಕಿಯಂಥ ಹೊಗೆ ಹೋಗುವ ಆ ವಾಲ್ವ್ ಕೂರುವ ಸೀಟಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಕಬ್ಬಿಣ ಕಡಿಮೆ. ನೀರು ಖಾಲಿಯಾಗಿ ಒಮ್ಮೆ ಕಾದರೆ ಅಲ್ಲೇ ಸೀಳುತ್ತದೆ. ನನ್ನ ಹಳೇ ಬ್ಲಾಕ್ ಸೀಳಿದ್ದೂ ಅಲ್ಲಿಯೇ.

ಅದನ್ನು ಪತ್ತೆ ಮಾಡಲು ಕಾಕ ತೋರಿಸಿದ ವಿಧಾನ ಇದು. ಹೆಡ್ ತೆಗೆದು ಆ ಜಾಗದ ಕರಿಯನ್ನು ಪೂರ್ತಿ ಕೆರೆದರು. ಬ್ರಶ್ಶಿನಲ್ಲಿ ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರು. ಆಮೇಲೆ ಒಣ ಬಟ್ಟೆಯಲ್ಲಿ, ಒದ್ದೆ ಕಾಣದ ಹಾಗೆ ಒರೆಸಿದರು. ಶಾಲೆಯ ಸೀಮೆಸುಣ್ಣವನ್ನು ಕುಟ್ಟಿ ಪುಡಿ ಮಾಡಿ, ನಾಲ್ಕೂ ಸೀಟುಗಳ ಸುತ್ತ ಉದುರಿಸಿ, ಬೆರಳಿನಲ್ಲಿ ತೆಳ್ಳಗೆ ಸವರಿ, ಮರದ ಸುತ್ತಿಗೆಯಲ್ಲಿ ಬ್ಲಾಕಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದರು. ಹಳೇ ಬ್ಲಾಕಿನಲ್ಲಿ ಒಂದೆರಡು ನಿಮಿಷಕ್ಕೆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಂದು ಗೆರೆ ಮೂಡಿತು. ಬಿರುಕಿನೊಳಗೆ ಉಳಿದ ಸೀಮೆಎಣ್ಣೆ ಹೊರಗೆ ಬಂದು ಸುಣ್ಣವನ್ನು ನೆನೆಸಿತ್ತು. ಶನಿವಾರಸಂತೆಯ ಬ್ಲಾಕಿನಲ್ಲಿ ಪುಡಿ ಕಾಲು ಗಂಟೆಯಾದರೂ ಬೆಳ್ಳಗೇ ಇತ್ತು. ಆಮೇಲೆಯೇ ನಾನು ದುಡ್ಡು ಎಣಿಸಿದ್ದು.

ಕೊಳ್ಳುವಾಗಲೇ ಕಾಗದದ ಕೆಲಸವನ್ನೂ ಮುಗಿಸಿಕೊಳ್ಳಿ. ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪಿನ ಹತ್ತಿರ ಇರುವ ಎಂಜಿನ್ ನಂಬರನ್ನು ಪೆನ್ಸಿಲಿನಲ್ಲಿ ಉಜ್ಜಿ ಕಾಗದಕ್ಕೆ ಇಳಿಸಿಕೊಳ್ಳಿ, ಮಾರಿದವರಿಂದ ರಸೀದಿ ಬರೆಸಿಕೊಳ್ಳಿ. ಎಂಜಿನ್ ಬದಲಾವಣೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಡಿ ಬರುತ್ತದೆ. ಬದಲಾಯಿಸಿದ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಹತ್ತಿಸಬೇಕು. ನಾನು ಕೆಲಸಕ್ಕೆ ಮೊದಲೇ ಮಡಿಕೇರಿಗೆ ಹೋಗಿ ಏನೇನು ಬೇಕೆಂದು ಕೇಳಿಕೊಂಡು ಬಂದೆ. ಆರ್‌ಸಿಯಲ್ಲಿ ಒಂದು ನಂಬರ್, ಬ್ಲಾಕಿನಲ್ಲಿ ಇನ್ನೊಂದು ಇದ್ದರೆ ಅಪಘಾತವಾದ ದಿನ ಇನ್ಶೂರೆನ್ಸಿನವರ ಮುಂದೆ ನಿಮ್ಮ ಮಾತು ನಿಲ್ಲುವುದಿಲ್ಲ.

ಬ್ಲಾಕನ್ನು ಲೇತಿಗೆ ಕೊಟ್ಟು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿದೆ. ಪಿಸ್ಟನ್ ಕೈಗೆ ಬಂದು, ಅದನ್ನು ಅಳೆದ ಮೇಲೆಯೇ ಬೋರ್ ಮಾಡಲು ಹೇಳಿ. ಇಲ್ಲಿ ನನಗೊಂದು ಕಹಿ ಅನುಭವವಾಯಿತು. ಕೆಲಸ ಮಾಡಿದ ಅಂಗಡಿಯ ಹೆಸರು ಬೇಡ. "ಎಲ್ಲಾ ವಾಶ್ ಮಾಡಿದ್ದೇವೆ, ಕೂರಿಸೋದೇ" ಎಂದು ಕೊಟ್ಟರು. ಕಾಕ ಒಪ್ಪಲಿಲ್ಲ. ಬ್ಲಾಕಿನೊಳಗೆ ಆಯಿಲ್ ಓಡುವ ದಾರಿಯ, ಅಂದರೆ ಆಯಿಲ್ ಗ್ಯಾಲರಿಯ ತುದಿಯ ಪ್ಲಗ್ಗು ಬಿಚ್ಚಿಸಿ, ಸೈಕಲ್ ಬ್ರೇಕಿನ ತಂತಿಯ ತುದಿಗೆ ಬಟ್ಟೆ ಕಟ್ಟಿ ಒಳಗೆ ತೂರಿಸಿ ಎಳೆದರು. ಬಟ್ಟೆಗೆ ಅಂಟಿಕೊಂಡು ಬಂದದ್ದು ಬೂದಿ ಬಣ್ಣದ ಪೇಸ್ಟು, ಅದರೊಳಗೆ ಮಿಣುಗುವ ಕಬ್ಬಿಣದ ಚೂರು. ಹಾಗೇ ಸ್ಟಾರ್ಟ್ ಮಾಡಿದ್ದರೆ ಹೊಸ ಬೇರಿಂಗುಗಳು ಮೊದಲ ಹತ್ತು ನಿಮಿಷಕ್ಕೇ ಹೋಗುತ್ತಿದ್ದವು. ಸೋಪು, ಬಿಸಿನೀರು, ಬ್ರಶ್ಶು ಹಿಡಿದು ಒಂದು ಮಧ್ಯಾಹ್ನವಿಡೀ ತೊಳೆದೆವು, ಗಾಳಿ ಹೊಡೆದೆವು, ಬಟ್ಟೆ ಬಿಳಿಯಾಗಿ ಬರುವವರೆಗೆ ಎಳೆದೆವು. ಲೇತಿನಿಂದ ಬಂದ ಬ್ಲಾಕನ್ನು ಯಾರು ಏನೇ ಹೇಳಲಿ, ನೀವೇ ಇನ್ನೊಮ್ಮೆ ತೊಳೆಯಿರಿ. ತೊಳೆದ ಕೂಡಲೇ ಎಣ್ಣೆ ಸವರಿ. ನಮ್ಮ ಹವೆಗೆ ಒಂದು ರಾತ್ರಿ ಸಾಕು, ತುಕ್ಕು ಕೂರಲು.

ಹಳೇ ಎಂಜಿನ್ ಇಳಿಸುವುದು ಕಷ್ಟದ ಕೆಲಸವಲ್ಲ. ಬ್ಯಾಟರಿ, ನೀರು, ಆಯಿಲ್, ರೇಡಿಯೇಟರ್, ವೈರು, ಪೆಟ್ರೋಲ್ ಪೈಪು, ಸೈಲೆನ್ಸರ್ ಬಿಚ್ಚಿ. ಪ್ರತಿ ವೈರಿಗೂ ಚೀಟಿ ಕಟ್ಟಿ, ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಗೇರ್‌ಬಾಕ್ಸಿನ ಕೆಳಗೆ ಜಾಕ್ ಕೊಟ್ಟು, ಬೆಲ್ ಹೌಸಿಂಗ್ ಬೋಲ್ಟು ತೆಗೆದು, ಎಂಜಿನ್ನನ್ನು ನೇರ ಮುಂದಕ್ಕೆ ಎಳೆದು ಆಮೇಲೆ ಎತ್ತಿ. ನಾವು ಮೂರು ಸಿಲ್ವರ್ ಓಕ್ ಕಂಬ ನೆಟ್ಟು 1 ಟನ್ನಿನ ಚೈನ್ ಬ್ಲಾಕ್ ತೂಗಿಸಿದ್ದೆವು. ಕಂಬದ ಬುಡ ಜಾರದಂತೆ ಒಂದಕ್ಕೊಂದು ಚೈನ್ ಬಿಗಿದಿರಬೇಕು. ತೂಗುವ ಎಂಜಿನ್ನಿನ ಕೆಳಗೆ ಯಾರ ಕಾಲೂ ಹೋಗಬಾರದು.

ಹೊಸದನ್ನು ಕೂರಿಸುವ ಮೊದಲು ಎರಡು ಎಂಜಿನ್ನಿನ ಫ್ಲೈವೀಲುಗಳನ್ನೂ ಪಕ್ಕಪಕ್ಕ ಇಟ್ಟು ರಿಂಗ್ ಗೇರಿನ ಹಲ್ಲು ಎಣಿಸಿ. ಹಳೆಯ ಜೀಪುಗಳಲ್ಲಿ 97 ಹಲ್ಲಿನದೂ ಇದೆ, 129 ಹಲ್ಲಿನದೂ ಇದೆ. ನಿಮ್ಮ ಸ್ಟಾರ್ಟರಿಗೆ ಹೊಂದದ್ದನ್ನು ಹಾಕಿದರೆ ಎಲ್ಲಾ ಜೋಡಿಸಿದ ಮೇಲೆ ಕರಕರ ಎನ್ನುತ್ತದೆ, ಮತ್ತೆ ಎಂಜಿನ್ ಎತ್ತಬೇಕು. ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗ್, ಪೈಲಟ್ ಬುಶ್ ಮೂರನ್ನೂ ಈಗಲೇ ಹೊಸದು ಹಾಕಿ. ಕ್ಲಚ್ ಪ್ಲೇಟು ನಡುಮಧ್ಯ ಕೂರಲು ಡಮ್ಮಿ ಶಾಫ್ಟ್ ಬೇಕು. ನಮಗೆ ಸಿಗಲಿಲ್ಲ. ಕಿತ್ತು ಹಾಕಿದ್ದ ಹಳೇ ರೊಬಸ್ಟಾ ಗಿಡದ ಬೊಡ್ಡೆ ಶೆಡ್ಡಿನಲ್ಲಿತ್ತು, ಅದನ್ನೇ ಬಡಗಿಯ ಹತ್ತಿರ ಕಡೆಸಿದೆ, ಒಂದು ತುದಿ ಪೈಲಟ್ ಬುಶ್ಶಿನ ಅಳತೆಗೆ, ಹಿಂದಿನದು ಪ್ಲೇಟಿನ ಹಲ್ಲಿನ ಅಳತೆಗೆ. ಕಾಫಿ ಮರ ಗಟ್ಟಿ, ನುಣುಪಾಗಿ ಬಂತು. ಗೇರ್‌ಬಾಕ್ಸ್ ಮೊದಲ ಸಲಕ್ಕೇ ಒಳಗೆ ಜಾರಿತು. ಕೂರದಿದ್ದರೆ ಬೋಲ್ಟು ಬಿಗಿದು ಎಳೆಯಬೇಡಿ, ಪ್ಲೇಟಿನ ಹಬ್ಬು ಮುರಿಯುತ್ತದೆ. ಗೇರಿಗೆ ಹಾಕಿ, ಕ್ರ್ಯಾಂಕನ್ನು ಸ್ವಲ್ಪ ತಿರುಗಿಸಿ, ಜಾಕನ್ನು ಕೂದಲಷ್ಟು ಏರಿಸಿ ಇಳಿಸಿ ನೋಡಿ.

ಹೆಡ್ಡಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಈ ಹೆಡ್ಡಿನ ಬೋಲ್ಟುಗಳಲ್ಲಿ ಒಂದು ಕಾರ್ಬೊರೇಟರಿನ ಅಡಿಯಲ್ಲಿ, ಗಾಳಿ ಹೋಗುವ ದಾರಿಯೊಳಗೇ ಇದೆ. ನಾನು ಕಾರ್ಬೊರೇಟರ್ ಮೊದಲೇ ಕೂರಿಸಿ, ಕಣ್ಣಿಗೆ ಕಂಡ ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಅದೊಂದು ಕೈಬಿಗಿಯಲ್ಲೇ ಉಳಿಯಿತು. ಮೂರನೇ ದಿನ ರೇಡಿಯೇಟರಿನಲ್ಲಿ ಗುಳ್ಳೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ. ಗ್ಯಾಸ್ಕೆಟ್ ಹಾಳು, ಆಯಿಲ್ ಹಾಳು, ಒಂದು ವಾರ ಹಾಳು. ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಕೊನೆಗೆ 60ರಿಂದ 70 ಫುಟ್-ಪೌಂಡ್, ಆ ಒಳಗಿನ ಬೋಲ್ಟನ್ನೂ ಸೇರಿಸಿ ಬಿಗಿಯಿರಿ. ಆಮೇಲೆ ಕಾರ್ಬೊರೇಟರ್. ಎಂಜಿನ್ ಓಡಿ ತಣಿದ ಮೇಲೆ ಮತ್ತೊಮ್ಮೆ ಬಿಗಿಯುವಾಗಲೂ ಕಾರ್ಬೊರೇಟರ್ ಎತ್ತಲೇಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಟ್ಯಾಪೆಟ್ ಗ್ಯಾಪು ಎಂಜಿನ್ ತಣ್ಣಗಿರುವಾಗ ಇನ್‌ಟೇಕಿಗೆ 18 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ), ಎಕ್ಸಾಸ್ಟಿಗೆ 16 ಥೌ. ಫೈರಿಂಗ್ ಆರ್ಡರ್ 1-3-4-2. ಪಾಯಿಂಟ್ ಗ್ಯಾಪು 20 ಥೌ, ಟೈಮಿಂಗ್ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ. ಡಿಸ್ಟ್ರಿಬ್ಯೂಟರಿನ ಶಾಫ್ಟು ಆಯಿಲ್ ಪಂಪಿನ ಶಾಫ್ಟಿನ ಸೀಳಿನಲ್ಲಿ ಕೂರುತ್ತದೆ. ಅಂದರೆ ಪಂಪನ್ನು ಒಂದು ಹಲ್ಲು ತಪ್ಪಿ ಹಾಕಿದರೆ ಟೈಮಿಂಗ್ ಎಷ್ಟು ತಿರುಗಿಸಿದರೂ ಸಿಗುವುದಿಲ್ಲ. ಮೊದಲು ಪಂಪು ಸರಿ ಮಾಡಿ.

ಮೊದಲ ಸ್ಟಾರ್ಟಿಗೆ ಅವಸರ ಬೇಡ. ಪ್ಲಗ್ಗು ನಾಲ್ಕೂ ತೆಗೆದು, ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಲ್ಲಿ ಬಿಟ್ಟುಬಿಟ್ಟು ತಿರುಗಿಸಿ. ಮುಳ್ಳು ಏಳದಿದ್ದರೆ ಪ್ಲಗ್ಗು ಹಾಕಲೇಬೇಡಿ. ಸ್ಟಾರ್ಟ್ ಆದ ಮೇಲೆ ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಡದೆ ಸ್ವಲ್ಪ ಎತ್ತರದ ವೇಗದಲ್ಲೇ ಇಪ್ಪತ್ತು ನಿಮಿಷ ಓಡಿಸಿ, ನೀರಿನ ಬಿಸಿ ನೋಡುತ್ತಿರಿ. ಬಿಸಿಯಾದ ಎಂಜಿನ್ ರಸ್ತೆಯಲ್ಲಿ ಓಡುವಾಗ ಆಯಿಲ್ ಪ್ರೆಷರ್ 20ರಿಂದ 35 ಪಿಎಸ್‌ಐ ಇದ್ದರೆ ನೆಮ್ಮದಿ. ಮೊದಲ ಆಯಿಲನ್ನು ಬೇಗ ಚೆಲ್ಲಿ. ನಾನು ಕುಶಾಲನಗರಕ್ಕೆ ನಾಲ್ಕು ಸಲ ಹೋಗಿ ಬಂದು ಬದಲಾಯಿಸಿದೆ. ಮೊದಲ ತಿಂಗಳು ಲೋಡು ಅರ್ಧ.

ಈಗ ಇಂಜೆಕ್ಷನ್. ನನಗೆ ಅದು ಬೇಕು ಅನ್ನಿಸಿದ್ದು ಶೋಕಿಗಲ್ಲ. ನಮ್ಮ ತೋಟದ ರಸ್ತೆಯಲ್ಲಿ ಎರಡು ಕಡೆ ಏರು ಎಷ್ಟು ಕಡಿದೆಂದರೆ ಬಾನೆಟ್ಟಿನಾಚೆ ಆಕಾಶ ಮಾತ್ರ ಕಾಣುತ್ತದೆ. ಅಲ್ಲಿ ಕಾರ್ಬೊರೇಟರಿನ ಬೌಲಿನಲ್ಲಿರುವ ಪೆಟ್ರೋಲು ಹಿಂದಕ್ಕೆ ವಾಲುತ್ತದೆ. ಫ್ಲೋಟು ದಾರಿ ತಪ್ಪಿ, ಒಂದೋ ಪೆಟ್ರೋಲು ಹೊರಬರುವ ಸಣ್ಣ ತೂತು, ಅಂದರೆ ಜೆಟ್ಟು ಒಣಗಿ ಎಂಜಿನ್ ಕೆಮ್ಮುತ್ತದೆ, ಇಲ್ಲವೇ ಚೆಲ್ಲಿ ಕಪ್ಪು ಹೊಗೆ ಬರುತ್ತದೆ. ಹಿಂದೆ ಮೂವತ್ತು ಮೂಟೆ, ಬ್ರೇಕು ಹಿಡಿದು ನಿಂತ ಕಾಲು. ಇಂಜೆಕ್ಷನ್ನಿನಲ್ಲಿ ಬೌಲೇ ಇಲ್ಲ, ಗಾಡಿ ಎಷ್ಟು ವಾಲಿದರೂ ಪೆಟ್ರೋಲು ಒತ್ತಡದಲ್ಲೇ ಬರುತ್ತದೆ.

ಎರಡನೆಯದು ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್. ಇಲ್ಲಿ ಗಾಳಿ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ತೆಳು. ಕಾರ್ಬೊರೇಟರಿಗೆ ಅದು ತಿಳಿಯುವುದಿಲ್ಲ, ಮಿಶ್ರಣದಲ್ಲಿ ಪೆಟ್ರೋಲು ನೂರಕ್ಕೆ ಐದಾರರಷ್ಟು ಹೆಚ್ಚಾಗುತ್ತದೆ. ಇನ್ನೊಂದು ಕಡೆಯಿಂದ ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲು ಬಂದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದನ್ನು ಬಿಡುಗಡೆ ಮಾಡಿದ್ದು. ಬರೀ ಪೆಟ್ರೋಲಿನ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕಾದರೆ, ಶೇ 20 ಎಥೆನಾಲ್ ಸೇರಿದ್ದಕ್ಕೆ ಸುಮಾರು 13.5 ಸಾಕು. ಹಳೇ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ನೂರಕ್ಕೆ ಎಂಟರಷ್ಟು ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಾಲುವುದಿಲ್ಲ. ಹೀಗಾಗಿ ಮಡಿಕೇರಿಯಲ್ಲಿ ಒಂದು ಇನ್ನೊಂದನ್ನು ಹೆಚ್ಚುಕಡಿಮೆ ಸರಿದೂಗಿಸುತ್ತದೆ, ಗಾಡಿ ಚೆನ್ನಾಗೇ ಓಡುತ್ತದೆ. ಅದೇ ಗಾಡಿ ಸಂಪಾಜೆ ಘಾಟಿ ಇಳಿದು ಸುಳ್ಯ ದಾಟುವಾಗ ತೆಳು ಮಿಶ್ರಣದಲ್ಲಿ ಕಾಯಲು ಶುರು ಮಾಡುತ್ತದೆ. ಎಕ್ಸಾಸ್ಟ್ ಸೀಟಿನ ಪಕ್ಕ ಸೀಳುವ ಎಂಜಿನ್ನಿಗೆ ಇದು ಒಳ್ಳೆಯದಲ್ಲ. ಘಾಟಿ ಇಳಿಯುವವರು ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿ, ಪ್ಲಗ್ಗಿನ ಬಣ್ಣ ನೋಡಿ. ಬೂದು-ಬಿಳಿ ಇದ್ದರೆ ತೆಳು, ತಿಳಿ ಕಂದು ಇದ್ದರೆ ಸರಿ. ಇಂಜೆಕ್ಷನ್ನಿನಲ್ಲಿ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ನೋಡಿ ಅದರ ಕಂಪ್ಯೂಟರ್, ಅಂದರೆ ಇಸಿಯು ತಾನೇ ಸರಿಮಾಡಿಕೊಳ್ಳುತ್ತದೆ.

ಈ ಹೆಡ್ಡಿಗೆ ಯಾವ ಬಗೆಯ ಇಂಜೆಕ್ಷನ್ ಸಾಧ್ಯ ಅನ್ನುವುದೂ ಮುಖ್ಯ. ಹರಿಕೇನಿನ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಭಾಗವಲ್ಲ, ಹೆಡ್ಡಿನೊಳಗೇ ಎರಕವಾಗಿದೆ. ಪ್ರತಿ ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್ ಕೂರಿಸಲು ಹೆಡ್ಡನ್ನೇ ಕೊರೆಯಬೇಕು, ಆ ಸಾಹಸ ಬೇಡ. ಕಾರ್ಬೊರೇಟರಿನ ಜಾಗದಲ್ಲೇ ಅಡಾಪ್ಟರ್ ಪ್ಲೇಟು ಹಾಕಿ, ಇಂಜೆಕ್ಟರ್ ತನ್ನಲ್ಲೇ ಇರುವ ಥ್ರಾಟಲ್ ಬಾಡಿ ಕೂರಿಸುವುದೇ ನಮಗಿರುವ ದಾರಿ. ಅದನ್ನು ಕೊಳ್ಳುವಾಗ ಸೈಜು ನೋಡಿ. 75 ಕುದುರೆ ಶಕ್ತಿಗೆ ಪೂರ್ತಿ ಎಳೆತದಲ್ಲಿ ಗಂಟೆಗೆ ಸುಮಾರು 17 ಕೆಜಿ ಪೆಟ್ರೋಲು ಸಾಕು. ಅಮೆರಿಕದ ಎಂಟು ಸಿಲಿಂಡರಿಗೆ ಮಾಡಿದ ಕಿಟ್ಟು ತಂದು ಹಾಕಿದರೆ ಸ್ಲೋದಲ್ಲಿ ಇಂಜೆಕ್ಟರ್ ಹನಿ ಹನಿ ಲೆಕ್ಕ ಹಿಡಿಯಲಾರದೆ ಎಂಜಿನ್ ಕುಂಟುತ್ತದೆ.

ಪೆಟ್ರೋಲಿನ ದಾರಿ ಪೂರ್ತಿ ಬದಲಾಗಬೇಕು. ಎಂಜಿನ್ನೇ ಓಡಿಸುವ ಹಳೇ ಎಸಿ ಪೆಟ್ರೋಲ್ ಪಂಪಿನ ಒತ್ತಡ ಮೂರು ಪಿಎಸ್‌ಐ ಆಸುಪಾಸು. ಥ್ರಾಟಲ್ ಬಾಡಿಗೆ ಅದರ ಮಾದರಿ ನೋಡಿ ಹನ್ನೆರಡರಿಂದ ಐವತ್ತರ ಮೇಲಿನವರೆಗೂ ಬೇಕಾಗುತ್ತದೆ. ಎಲೆಕ್ಟ್ರಿಕ್ ಪಂಪು ತಳ್ಳುತ್ತದೆ, ಎಳೆಯುವುದರಲ್ಲಿ ಸೋಲುತ್ತದೆ. ಆದ್ದರಿಂದ ಟ್ಯಾಂಕಿನೊಳಗೆ ಅಥವಾ ಟ್ಯಾಂಕಿಗಿಂತ ಕೆಳಗೆ, ಹತ್ತಿರದಲ್ಲೇ ಇರಬೇಕು. ಉಳಿದ ಪೆಟ್ರೋಲು ಟ್ಯಾಂಕಿಗೆ ಮರಳಲು ರಿಟರ್ನ್ ಲೈನ್ ಬೇಕು. ಹೋಸು ಇಂಜೆಕ್ಷನ್ ಒತ್ತಡ ತಡೆಯುವ ಆರ್9 ದರ್ಜೆಯದ್ದೇ ಆಗಲಿ, ಕ್ಲ್ಯಾಂಪೂ ಇಂಜೆಕ್ಷನ್ನಿನದ್ದೇ ಆಗಲಿ. ಈ ಒತ್ತಡದಲ್ಲಿ ಸೋರಿದರೆ ಹನಿಯಲ್ಲ, ಚಿಲುಮೆ. ಗಾಡಿ ಮಗುಚಿದರೆ ಪಂಪು ತಾನೇ ನಿಲ್ಲುವ ಸ್ವಿಚ್ಚು ಹಾಕದೆ ನಮ್ಮ ರಸ್ತೆಗೆ ಇಳಿಸಬೇಡಿ. ಪಂಪು, ಇಸಿಯು, ಸೆನ್ಸರಿನ ಹೀಟರ್ ಎಲ್ಲ ಸೇರಿ ಹತ್ತು ಆಂಪಿಯರಿಗೂ ಹೆಚ್ಚು ಎಳೆಯುತ್ತವೆ, ಹಳೇ ಡೈನಮೋ ಸ್ಲೋದಲ್ಲಿ ಅಷ್ಟು ಕೊಡಲಾರದು. ಆಲ್ಟರ್ನೇಟರ್ ಆಗಲೇಬೇಕು.

ಮಳೆಗಾಲದ ಮಾತು ಬೇರೆ. ಜುಲೈ, ಆಗಸ್ಟಿನಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ವೈರಿನ ಪ್ರತಿ ಜೋಡಣೆಗೂ ಹಸಿರು ಕಿಲುಬು ಹಿಡಿಯುತ್ತದೆ. ಕಾರ್ಬೊರೇಟರ್ ಕೈಕೊಟ್ಟರೆ ಒಂದು ಸ್ಕ್ರೂಡ್ರೈವರಿನಲ್ಲಿ ಮಳೆಯಲ್ಲೇ ಬಿಚ್ಚಿ ಊದಿ ಮನೆಗೆ ಬರಬಹುದು. ಇಸಿಯು ಕೈಕೊಟ್ಟರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಬೇಕು. ಅದಕ್ಕೆ ಇಸಿಯು ಕ್ಯಾಬಿನ್ನಿನೊಳಗೆ, ಎತ್ತರದಲ್ಲಿ ಇರಲಿ, ನೀರು ನಿಲ್ಲದ ಕನೆಕ್ಟರುಗಳನ್ನೇ ಹಾಕಿ. ತೆಗೆದ ಕಾರ್ಬೊರೇಟರನ್ನು ತೊಳೆದು, ಗ್ಯಾಸ್ಕೆಟ್ ಸಮೇತ ಡಬ್ಬಿಯಲ್ಲಿ ಗಾಡಿಯಲ್ಲೇ ಇಟ್ಟಿರಿ. ಯಾವುದರಲ್ಲಿ ಓಡಿಸಿದರೂ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ಟ್ಯಾಂಕನ್ನು ತುಂಬಿಸಿಡಿ, ಇಲ್ಲವೇ ಪೂರ್ತಿ ಬರಿದು ಮಾಡಿ. ಅರ್ಧ ಟ್ಯಾಂಕಿನ ಇ20 ಗಾಳಿಯ ತೇವ ಹೀರಿ, ಎಥೆನಾಲ್ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಹಳೇ ಪಂಪಿನ ಡಯಾಫ್ರಮ್ಮನ್ನೂ ಅದು ತಿನ್ನುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದಂತೆ ಕಂಡು ಪೆಟ್ರೋಲು ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ, ಡಯಾಫ್ರಮ್ ಹರಿದು ಚೇಂಬರಿಗೆ ಪೆಟ್ರೋಲು ಇಳಿಯುತ್ತಿದೆ.

ಇಂಜೆಕ್ಷನ್ ಮುಂದಕ್ಕೆ ಹಾಕಿದರೂ, ಎಂಜಿನ್ ಹೊರಗಿದ್ದಾಗಲೇ ಸುಲಭವಾಗುವ ಕೆಲಸಗಳನ್ನು ನಾನು ಮುಗಿಸಿಟ್ಟೆ. ಟ್ಯಾಂಕಿನ ತುಕ್ಕು ತೆಗೆಸಿದೆ. ಚಾಸಿಸ್ಸಿನ ಉದ್ದಕ್ಕೂ ರಿಟರ್ನ್ ಪೈಪು ಎಳೆದು ಎರಡೂ ತುದಿ ಮುಚ್ಚಿದೆ. ಎಕ್ಸಾಸ್ಟ್ ಪೈಪಿಗೆ ಸೆನ್ಸರ್ ಕೂರುವ ಬುಶ್ ವೆಲ್ಡ್ ಮಾಡಿಸಿ ಪ್ಲಗ್ಗು ತಿರುಗಿಸಿಟ್ಟೆ. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು.

ಸೆಪ್ಟೆಂಬರಿನ ಕೈಲ್‌ಪೊಳ್ದಿನಂದು ಟ್ರಕ್ಕನ್ನು ತೊಳೆದು ಹೂ ಮುಡಿಸಿ ನಿಲ್ಲಿಸಿದೆವು. ಕಾಕ ಬಂದು ಬಾನೆಟ್ ಎತ್ತಿ, ಎಂಜಿನ್ ಓಡುವಾಗ ಟ್ಯಾಪೆಟ್ ಕವರಿನ ಮೇಲೆ ಒಂದು ರೂಪಾಯಿ ನಾಣ್ಯವನ್ನು ನೆಟ್ಟಗೆ ನಿಲ್ಲಿಸಿ ನೋಡಿದರು. ಎರಡು ಸಲ ಬಿತ್ತು. ಸ್ಲೋ ಸ್ಕ್ರೂ ಕಾಲು ಸುತ್ತು ತಿರುಗಿಸಿದರು, ಮೂರನೇ ಸಲ ನಿಂತಿತು. "ಇನ್ನು ಕೊಯ್ಲಿಗೆ ಹಾಕು" ಅಂದರು. ಅಡಾಪ್ಟರ್ ಪ್ಲೇಟಿನ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಶೆಡ್ಡಿನ ಮೊಳೆಗೆ ತೂಗು ಹಾಕಿದ್ದೇನೆ. ಮಾರ್ಚಿನಲ್ಲಿ ಕೊನೆಯ ಮೂಟೆ ಕ್ಯೂರಿಂಗಿಗೆ ಹೋದ ಮೇಲೆ ಅದನ್ನು ಲೇತಿಗೆ ತೆಗೆದುಕೊಂಡು ಹೋಗುತ್ತೇನೆ.